ಮೂರು ವರ್ಷ ಚಿಕ್ಕವನು

ಕಾಂತರಾಜುವಿಗೆ ಎರಡು ವಯಸ್ಸು. ಒಂದು ಮೈಯದು, ಇನ್ನೊಂದು ಕಾಗದದ್ದು. ಮೈಗೆ ಐವತ್ತೆರಡು ತುಂಬಿದ್ದರೆ ಕಾಗದಕ್ಕೆ ಇನ್ನೂ ನಲವತ್ತೊಂಬತ್ತು. ನಮ್ಮ ಕಡೆ ಇದೇನು ಹುಬ್ಬೇರಿಸುವ ಸಂಗತಿಯಲ್ಲ. ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ತರರಿಗೆ ತೋಚಿದ ತಾರೀಖನ್ನೇ ಹುಟ್ಟುಹಬ್ಬ ಮಾಡಿಕೊಂಡು ಬದುಕುತ್ತಿರುವವರು ಬೆಂಗಳೂರಿನ ದೀಪಾಂಜಲಿ ನಗರದ ಒಂದೊಂದು ಬೀದಿಯಲ್ಲೂ ಹತ್ತು ಮಂದಿ ಸಿಗುತ್ತಾರೆ. ಆದರೆ ಅವರ ತಾರೀಖು ಅಂದಾಜಿನಲ್ಲಿ ತಪ್ಪಿದ್ದು. ಕಾಂತರಾಜುವಿನದು ಬೇಕೆಂದೇ ತಪ್ಪಿಸಿದ್ದು.

ಅವನ ಅಪ್ಪ ಅಂಜಿನಯ್ಯ ಬಟ್ಟೆ ಗಿರಣಿಯಲ್ಲಿ ಹತ್ತಿ ಮೂಟೆ ಹೊರುತ್ತಿದ್ದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮಗನಿಗೆ ದಿನಾ ಒಂದೇ ಕೆಲಸ, ಅಪ್ಪನಿಗೆ ಊಟದ ಕ್ಯಾರಿಯರ್ ಮುಟ್ಟಿಸುವುದು. ಹನ್ನೆರಡೂವರೆಗೆ ಗಿರಣಿಯ ಸೈರನ್ ಕೂಗುತ್ತಿತ್ತು. ಅಮ್ಮನ ಮುದ್ದೆ ಹನ್ನೆರಡೂಕಾಲಿಗೆ ಮೊದಲು ಆದ ದಿನವೇ ಇಲ್ಲ. ನಡುವೆ ಮೂರು ಕಿಲೋಮೀಟರ್ ದಾರಿ, ಕೈಯಲ್ಲಿ ಸಾರಿನ ಡಬ್ಬಿ. ತಡವಾದರೂ ಏಟು, ಸಾರು ತುಳುಕಿದರೂ ಏಟು. ಹೀಗಾಗಿ ಹುಡುಗ ಸೊಂಟದಿಂದ ಮೇಲೆ ಅಲುಗದೆ, ಭುಜ ಸಡಿಲ ಬಿಟ್ಟು, ಕಾಲು ಮಾತ್ರ ಓಡಿಸುವ ವಿದ್ಯೆ ಕಲಿತ. ಯಾರೂ ಹೇಳಿಕೊಡಲಿಲ್ಲ, ಏಟಿನ ಭಯ ಹೇಳಿಕೊಟ್ಟಿತು.

ವಿಜಯನಗರದ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಗಂಗಾಧರಯ್ಯ ಒಂದು ದಿನ ಅದನ್ನು ನೋಡಿದರು. ಸೈಕಲ್ಲಿನಲ್ಲಿ ಹಿಂದೆ ಬಿದ್ದರು. ಗಿರಣಿ ಗೇಟು ಮುಟ್ಟುವಷ್ಟರಲ್ಲಿ ಏದುಸಿರು ಬಂದಿದ್ದು ಮೇಷ್ಟ್ರಿಗೇ ಹೊರತು ಹುಡುಗನಿಗಲ್ಲ. ಮುಂದಿನ ವಾರವೇ ಅವನನ್ನೂ ಅವನ ಅಮ್ಮನನ್ನೂ ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿದರು. ಹಳೇ ಸ್ಕೂಲಿನ ಟಿ.ಸಿ. ಗೆದ್ದಲು ತಿಂದು ಹೋಗಿತ್ತು.

"ಹುಡುಗ ಹುಟ್ಟಿದ್ದು ಯಾವಾಗಮ್ಮಾ?" ಎಂದು ಹೆಡ್‌ಮಾಸ್ತರರು ಕೇಳಿದರು.

"ಗಿರಣೀಲಿ ಸ್ಟ್ರೈಕ್ ಆಯ್ತಲ್ಲ ಸಾರ್, ಆ ವರ್ಷ. ಗೌರಿ ಹಬ್ಬ ಆಗಿ ಮೂರನೇ ದಿನ."

"ಅಂದ್ರೆ ಎಪ್ಪತ್ತೊಂದು," ಎಂದು ಅವರು ಪೆನ್ನು ಊರುವಷ್ಟರಲ್ಲಿ ಗಂಗಾಧರಯ್ಯ ಬಗ್ಗಿ, "ಎಪ್ಪತ್ನಾಲ್ಕು ಅಂತ ಬರೀರಿ ಸಾರ್. ಹುಡುಗ ಉದ್ಧಾರ ಆಗ್ತಾನೆ," ಎಂದರು.

ಅಮ್ಮನಿಗೆ ವಿಷಯ ಪೂರ್ತಿ ತಿಳಿಯಲಿಲ್ಲ. "ಮೂರು ವರ್ಷ ಕಮ್ಮಿ ಬರೆದ್ರೆ ಆಯಸ್ಸು ಮೂರು ವರ್ಷ ಜಾಸ್ತಿ ಆಗುತ್ತಾ ಸಾರ್?" ಎಂದು ನಿಜವಾಗಿಯೂ ಆಸೆಪಟ್ಟು ಕೇಳಿದಳು. ಇಬ್ಬರು ಮೇಷ್ಟ್ರೂ ನಕ್ಕರು. ಹದಿನೈದು ವರ್ಷದ ಕಾಂತರಾಜು ಆ ಮಧ್ಯಾಹ್ನ ಹನ್ನೆರಡು ವರ್ಷದವನಾಗಿ ಎಂಟನೇ ಕ್ಲಾಸಿನಲ್ಲಿ ಕೂತ.

ಎಂಬತ್ತೆಂಟರ ನವೆಂಬರ್‌ನಲ್ಲಿ ಹಾಸನದಲ್ಲಿ ರಾಜ್ಯ ಮಟ್ಟದ ಶಾಲಾ ಕ್ರೀಡಾಕೂಟ. ಹದಿನಾರು ವರ್ಷದ ಒಳಗಿನವರ ಸಾವಿರದ ಐನೂರು ಮೀಟರ್ ಓಟ. ಬೆಳಗ್ಗೆ ಗಂಗಾಧರಯ್ಯ ಒಂದು ಬ್ಲೇಡು ತಂದು, ಕಾಂತರಾಜುವಿನ ಮೂಗಿನ ಕೆಳಗೆ ಚಿಗುರಿದ್ದ ಮೀಸೆಯನ್ನು ತಮ್ಮ ಕೈಯಾರೆ ಬೋಳಿಸಿದರು. ಆ ಓಟದಲ್ಲಿ ಕೊನೆಯ ಸುತ್ತಿನವರೆಗೂ ಮುಂದಿದ್ದವನು ಕೆಂಗೇರಿಯ ಚಿಕ್ಕಮುನಿಯಪ್ಪ ಎಂಬ ಹುಡುಗ. ಕೊನೆಯ ಇನ್ನೂರು ಮೀಟರಿನಲ್ಲಿ ಕಾಂತರಾಜು ಅವನನ್ನು ದಾಟಿ ಹತ್ತು ಹೆಜ್ಜೆ ಮುಂದೆ ಗೆರೆ ಮುಟ್ಟಿದ. ಗೆದ್ದವನಿಗೆ ಮೆಡಲ್ಲಿನ ಜೊತೆ ಕ್ರೀಡಾ ಹಾಸ್ಟೆಲಿನ ಸೀಟು. ಸೀಟು ಇದ್ದದ್ದು ಒಂದೇ. ಕೆಂಗೇರಿ ಹುಡುಗ ಹುಲ್ಲಿನ ಮೇಲೆ ಬೋರಲು ಬಿದ್ದು ಅತ್ತ. ಆಮೇಲೆ ಎದ್ದು ಬಂದು, "ನಿಂಗೆಷ್ಟು ವಯಸ್ಸು?" ಎಂದು ಕೇಳಿದ. "ಹದಿನಾಲ್ಕು," ಎಂದ ಕಾಂತರಾಜು. ಆಗ ಅವನಿಗೆ ಹದಿನೇಳು. ಇದೊಂದು ಸುಳ್ಳು ಎಂದು ಅವನಿಗೆ ಅನಿಸಿಯೂ ಇರಲಿಲ್ಲ. ಎಲ್ಲ ಮೇಷ್ಟ್ರುಗಳೂ ತಮ್ಮ ತಮ್ಮ ಹುಡುಗರಿಗೆ ಮಾಡುತ್ತಿದ್ದದ್ದೇ ಅದು.

ಆ ಮೂರು ವರ್ಷ ಅವನಿಗೆ ಹಾಸ್ಟೆಲ್ ಕೊಟ್ಟಿತು, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಸ್ಪೋರ್ಟ್ಸ್ ಕೋಟಾದ ನೌಕರಿ ಕೊಟ್ಟಿತು, ಆ ನೌಕರಿ ನೋಡಿ ಮಾಗಡಿ ರೋಡಿನ ಇಂದ್ರಮ್ಮನನ್ನೂ ಕೊಟ್ಟಿತು. ಕಾರ್ಖಾನೆಯಲ್ಲಿ ಅವನು ಡ್ರಿಲ್ಲಿಂಗ್ ಸೆಕ್ಷನ್ನಿನ ಆಪರೇಟರ್. ಹಾಗೆಂದು ಹಾಜರಿ ಪುಸ್ತಕದಲ್ಲಿತ್ತು. ಬೆಳಗ್ಗೆ ಬಂದು ಮಷೀನಿನ ಪಕ್ಕ ನಿಂತು ಕಾಫಿ ಕುಡಿದು, ಮಧ್ಯಾಹ್ನ ಪ್ರಾಕ್ಟೀಸಿಗೆ ಹೋಗುವುದು ಅವನ ಡ್ಯೂಟಿ. ಕಾರ್ಖಾನೆಗಳ ನಡುವಿನ ಓಟಗಳಲ್ಲಿ ಕಪ್ಪು ತಂದರೆ ಸಾಕು, ಮಷೀನು ಮುಟ್ಟೆಂದು ಫೋರ್‌ಮನ್ ಕೂಡ ಹೇಳುತ್ತಿರಲಿಲ್ಲ. ಮದುವೆಯ ದಿನ ಅವನು ಇಂದ್ರಮ್ಮನ ಕಿವಿಯಲ್ಲಿ, "ನಂಗೆ ರಿಟೈರ್‌ಮೆಂಟೂ ಮೂರು ವರ್ಷ ಲೇಟು," ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದ.

ಎರಡು ಸಾವಿರದ ಎಂಟರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜೊತೆಯವರೆಲ್ಲ ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ ಲೇತು, ಮಿಲ್ಲಿಂಗು ಎಂದು ಹಂಚಿಹೋದರು. ಕೈಯಲ್ಲಿ ಕಸುಬಿತ್ತು, ಬದುಕಿಕೊಂಡರು. ಕಾಂತರಾಜುವಿನ ಕೈಗೆ ಒಬ್ಬ ಶೆಡ್ಡಿನ ಯಜಮಾನ ವರ್ನಿಯರ್ ಕೊಟ್ಟು ಒಂದು ಕಬ್ಬಿಣದ ಗುಂಡಿನ ಅಳತೆ ಕೇಳಿದ. ಇವನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಹದಿನೈದು ವರ್ಷ ಸರ್ವೀಸು ಅಂತೀರಾ, ವರ್ನಿಯರ್ ಓದೋಕ್ ಬರಲ್ವಾ?"

"ನಾನು ಸ್ಪೋರ್ಟ್ಸ್ ಕೋಟಾ ಸಾರ್," ಎಂದ ಕಾಂತರಾಜು. ಯಜಮಾನ ನಗಲಿಲ್ಲ, ಬೈಯಲಿಲ್ಲ, ಒಂದು ಲೋಟ ಟೀ ತರಿಸಿಕೊಟ್ಟು ಕಳಿಸಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಕಾಂತರಾಜುವಿಗೆ ಈಗಲೂ ಅನಿಸುತ್ತದೆ.

ಆಮೇಲೆ ಗೋಡೌನು, ಕಲ್ಯಾಣ ಮಂಟಪ, ಎ.ಟಿ.ಎಂ. ಎಂದು ಅಲೆದು, ಏಳು ವರ್ಷದಿಂದ ಶ್ರೀಗಂಧದ ಕಾವಲಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿದ್ದಾನೆ. ನೀಲಿ ಯೂನಿಫಾರಂ, ತಲೆಗೊಂದು ಟೋಪಿ. ಕಾರು ಬಂದರೆ ಗೇಟು ತೆಗೆದು ಸೆಲ್ಯೂಟ್ ಹೊಡೆಯಬೇಕು ಎಂಬುದು ಏಜೆನ್ಸಿಯ ನಿಯಮ. ಒಳಗಿರುವವರು ಮೊಬೈಲ್ ನೋಡುತ್ತಾ ಹೋಗುತ್ತಾರೆ. ಸೆಲ್ಯೂಟನ್ನು ಯಾರೂ ವಾಪಸು ಕೊಡುವುದಿಲ್ಲ, ಆದರೆ ಹೊಡೆಯದಿದ್ದರೆ ಕಂಪ್ಲೇಂಟು ಮಾತ್ರ ತಪ್ಪದೆ ಹೋಗುತ್ತದೆ.

ಆ ಅಪಾರ್ಟ್‌ಮೆಂಟಿನಲ್ಲಿ ಓಡುವವರ ಒಂದು ಗುಂಪಿತ್ತು. ಅದರ ಮುಂದಾಳು ನಾಲ್ಕನೇ ಮಹಡಿಯ ಸ್ಪಂದನ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಒಂದು ಬೆಳಗ್ಗೆ ಅವಳು ಭುಜ ಎರಡನ್ನೂ ಕಿವಿಗೇರಿಸಿಕೊಂಡು ಓಡಿ ಬರುವುದನ್ನು ನೋಡಲಾರದೆ ಕಾಂತರಾಜು ಬಾಯಿ ಬಿಟ್ಟ.

"ಮೇಡಂ, ತಪ್ಪು ತಿಳ್ಕೋಬೇಡಿ. ಕೈಯಲ್ಲಿ ಸಾರಿನ ಕ್ಯಾರಿಯರ್ ಇದೆ ಅಂದ್ಕೊಂಡು ಓಡಿ. ತುಳುಕಬಾರ್ದು."

ಅವಳು ನಕ್ಕಳು, ಮಾಡಿ ನೋಡಿದಳು, ಮರುದಿನ ಇನ್ನೂ ನಾಲ್ವರನ್ನು ಕರೆತಂದಳು. ಆರು ತಿಂಗಳಲ್ಲಿ ಭಾನುವಾರ ಯೂನಿವರ್ಸಿಟಿ ಕ್ಯಾಂಪಸ್ಸಿನ ಮರಗಳ ನಡುವೆ ಇಪ್ಪತ್ತು ಜನ ಅವನ ಮಾತು ಕೇಳಿ ಓಡುವಂತಾಯಿತು. ಅವರ ಮುಂದೆ ಓಡುತ್ತಾ ಓಡುತ್ತಾ ಅವನ ಕಾಲಿಗೂ ಹಳೇ ನೆನಪು ಬಂತು. ಇವನನ್ನೇ ಕೋಚ್ ಮಾಡಿಕೊಳ್ಳೋಣ, ಗೇಟಿನ ಕೆಲಸ ಬಿಡಿಸೋಣ, ಸಂಜೆ ಮಕ್ಕಳಿಗೂ ಹೇಳಿಕೊಡಲಿ ಎಂದು ಸ್ಪಂದನ ಹಟ ಹಿಡಿದಳು.

ಅಸೋಸಿಯೇಷನ್ನಿನ ಕಾರ್ಯದರ್ಶಿ ಮಧುಕುಮಾರ್ ಕೆಟ್ಟ ಮನುಷ್ಯನಲ್ಲ. ಆ ಅಪಾರ್ಟ್‌ಮೆಂಟ್ ಎದ್ದಿರುವುದು ಅವರ ತಾತನ ರಾಗಿ ಹೊಲದಲ್ಲೇ. ಅವರು ಗೇಟಿನ ಬಳಿಯೇ ನಿಂತು, ಕಾಂತರಾಜು ಕೇಳಿಸಿಕೊಳ್ಳುವ ಹಾಗೆಯೇ, "ನಂದೇನೂ ಅಭ್ಯಂತರ ಇಲ್ಲ ಸ್ಪಂದನ. ಆದ್ರೆ ಸೆಕ್ಯೂರಿಟೀನ ಕೋಚ್ ಮಾಡಿದ್ರು ಅಂತ ಕಮಿಟೀಲಿ ನಾಲ್ಕು ಜನ ನಗ್ತಾರೆ. ಕೈಯಲ್ಲಿ ಏನಾದ್ರೂ ಇರ್ಬೇಕು. ಜನವರೀಲಿ ನೀವೆಲ್ಲ ಮರವಂತೆ ರೇಸ್‌ಗೆ ಹೋಗ್ತೀರಲ್ಲ, ಇವ್ರೂ ಬರ್ಲಿ. ಪೋಡಿಯಂ ಹತ್ಲಿ. ಮಾರನೇ ದಿನಾನೇ ಮಾಡೋಣ," ಎಂದರು.

ಪೋಡಿಯಂ ಎಂದರೆ ಆಯಾ ವಯಸ್ಸಿನ ಗುಂಪಿನಲ್ಲಿ ಮೊದಲ ಮೂರು ಬಂದವರು ನಿಲ್ಲುವ ಮೆಟ್ಟಿಲು. ಕಾಂತರಾಜು ಹಿಂದಿನ ವರ್ಷದ ಫಲಿತಾಂಶವನ್ನು ಸ್ಪಂದನಳ ಫೋನಿನಲ್ಲಿ ತೆಗೆಸಿ ನೋಡಿದ. ಇಪ್ಪತ್ತೊಂದು ಕಿಲೋಮೀಟರ್ ಓಟ. ಐವತ್ತು ದಾಟಿದವರಲ್ಲಿ ಮೊದಲು ಬಂದವನು ತೆಗೆದುಕೊಂಡಿದ್ದು ಒಂದು ಗಂಟೆ ಮೂವತ್ತಮೂರು ನಿಮಿಷ. ಕ್ಯಾಂಪಸ್ಸಿನಲ್ಲಿ ಇವನು ಒಂದು ಗಂಟೆ ಇಪ್ಪತ್ತೆಂಟಕ್ಕೆ ಓಡುತ್ತಿದ್ದ. ಮೂರನೆಯ ಸ್ಥಾನದ ಮಾತು ಬಿಡಿ, ಮೊದಲನೆಯದೇ ಕೈಯಲ್ಲಿತ್ತು. ಅರ್ಜಿ ತುಂಬಲು ಸ್ಪಂದನ ಆಧಾರ್ ಕಾರ್ಡಿನ ಫೋಟೋ ಕೇಳಿದಾಗ ವಾಟ್ಸ್ಯಾಪಿನಲ್ಲಿ ಕಳಿಸಿ ನಿಶ್ಚಿಂತನಾದ. ಕಾಗದದ ವಯಸ್ಸು ಸರ್ವೀಸಿಗೆ ಸೇರಿದ್ದು, ಕಾರ್ಖಾನೆಯ ಜೊತೆ ಅದೂ ಮುಚ್ಚಿಹೋಯಿತು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಸುಳ್ಳು ಹೇಳಿ ಅಷ್ಟು ವರ್ಷವಾದರೆ ಹೇಳಿದವನಿಗೆ ಮರೆತುಹೋಗುತ್ತದೆ.

ಮನೆಯಲ್ಲಿ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಾ ಕೂತಿದ್ದ ಇಂದ್ರಮ್ಮ ಅವನ ಬ್ಯಾಗಿಗೆ ಚಕ್ಕುಲಿ ತುಂಬಿ ಕೊಟ್ಟು, "ರೀ, ಗೆದ್ದು ಬನ್ನಿ. ಆ ನೀಲಿ ಯೂನಿಫಾರಂನ ನೆಲ ಒರೆಸೋಕೆ ಹಾಕ್ತೀನಿ," ಎಂದಳು. ಬಹಳ ವರ್ಷದ ಮೇಲೆ ಅವಳ ಬಾಯಲ್ಲಿ ಅಂಥ ಮಾತು ಬಂದಿತ್ತು.

ಶುಕ್ರವಾರ ಸಂಜೆ ಹೊರಟ ಟೆಂಪೋ ಟ್ರಾವೆಲರ್ ಶನಿವಾರ ಬೆಳಗ್ಗೆ ಕುಂದಾಪುರ ದಾಟಿತು. ಕಾಂತರಾಜು ಓಟಕ್ಕೆಂದು ಎರಡು ಸಲ ಮದ್ರಾಸಿಗೆ ಹೋಗಿದ್ದರೂ ಸಮುದ್ರ ನೋಡಿರಲಿಲ್ಲ, ಸ್ಟೇಡಿಯಂ ಮಾತ್ರ ನೋಡಿದ್ದ. ಮರವಂತೆಯಲ್ಲಿ ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಸೀರೆಯ ಅಂಚಿನಷ್ಟು ನೆಲ. ಎಲ್ಲರೂ ಇಳಿದು ಸೆಲ್ಫಿ ತೆಗೆದುಕೊಳ್ಳುವಾಗ ಅವನು ದೂರ ನಿಂತು, ನಾಳೆ ಇದೇ ರಸ್ತೆಯಲ್ಲಿ ತಾನು ಗೆಲ್ಲುವುದನ್ನು ನೋಡಿಕೊಂಡ.

ಮಧ್ಯಾಹ್ನ ಶಾಮಿಯಾನದ ಕೆಳಗೆ ಬಿಬ್ ಹಂಚುತ್ತಿದ್ದರು. ಬಿಬ್ ಎಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಹಾಳೆ. ಐವತ್ತು ದಾಟಿದವರಿಗೆ ಹಳದಿ, ನಲವತ್ತರಿಂದ ನಲವತ್ತೊಂಬತ್ತರವರಿಗೆ ನೀಲಿ. ಅವನ ಕೈಗೆ ನೀಲಿ ಬಂತು.

"ಮೇಡಂ, ನಂದು ಹಳದಿ ಅಲ್ವಾ?"

"ಇಲ್ಲ ಅಂಕಲ್, ಆಧಾರ್‌ನಲ್ಲಿ ಸೆವೆಂಟಿ ಫೋರ್ ಇದೆಯಲ್ಲ. ನೀವಿನ್ನೂ ಯಂಗು!" ಎಂದು ಸ್ಪಂದನ ಹೊಗಳುವವಳಂತೆ ಹೇಳಿದಳು.

ಕಾಂತರಾಜು ನೀಲಿ ಹಾಳೆ ಹಿಡಿದು ಅಲ್ಲೇ ನಿಂತ. ಹೇಳಬಹುದಿತ್ತು. ಆದರೆ ಏನನ್ನು ತೋರಿಸಿ ಹೇಳುವುದು? ಮಾರ್ಕ್ಸ್ ಕಾರ್ಡು, ಸರ್ವೀಸ್ ಪುಸ್ತಕ, ರೇಷನ್ ಕಾರ್ಡು, ಒಂದೊಂದೂ ಎಪ್ಪತ್ನಾಲ್ಕು ಎನ್ನುತ್ತಿದ್ದವು. ಎಪ್ಪತ್ತೊಂದು ಎನ್ನುತ್ತಿದ್ದವಳು ಅಮ್ಮ ಒಬ್ಬಳೇ, ಅವಳು ತೀರಿಕೊಂಡು ಹನ್ನೊಂದು ವರ್ಷ. ಅದೂ ಅಲ್ಲದೆ ಎಪ್ಪತ್ತೊಂದು ಎಂದು ಬಾಯಿ ಬಿಟ್ಟರೆ ಟ್ರಂಕಿನಲ್ಲಿರುವ ಮೆಡಲುಗಳೆಲ್ಲ ಯಾರವು? ಅವನು ಹಾಳೆ ಮಡಿಸಿ ಜೇಬಿಗಿಟ್ಟ. ನಲವತ್ತರ ಗುಂಪಿನಲ್ಲಿ ಹೋದ ವರ್ಷ ಮೂರನೆಯವನು ಒಂದು ಗಂಟೆ ಇಪ್ಪತ್ತೇಳಕ್ಕೆ ಬಂದಿದ್ದ. ಒಂದು ನಿಮಿಷ ಕದಿಯಬೇಕು, ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡ. ಐವತ್ತೆರಡರ ಮೈಯಿಂದ ಒಂದು ನಿಮಿಷ ಕದಿಯುವುದು ಎಂದರೇನು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಶಾಮಿಯಾನದಲ್ಲಿ ಯಾರೂ ಇರಲಿಲ್ಲ.

ಭಾನುವಾರ ಆರು ಗಂಟೆಗೆ ಓಟ ಶುರುವಾಯಿತು. ಸೂರ್ಯ ಹುಟ್ಟಿದ್ದು ಹೊಳೆಯ ಕಡೆ. ಕಡಲು ಇನ್ನೂ ಬೂದು ಬಣ್ಣದಲ್ಲೇ ಇತ್ತು. ದೋಣಿಗಳ ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ, ಇಷ್ಟು ಜನಕ್ಕೆ ಬೆಳಗ್ಗೆ ಬೆಳಗ್ಗೆ ಏನು ಬಂತು ಎಂಬಂತೆ ನೋಡುತ್ತಿದ್ದರು. ಕಾಂತರಾಜು ಸೊಂಟದ ಮೇಲೆ ಅಲುಗದೆ ಓಡಿದ. ಹತ್ತು ಕಿಲೋಮೀಟರಿನವರೆಗೆ ಅವನ ಗುಂಪಿನಲ್ಲಿ ಮುಂದೆ ಇಬ್ಬರೇ ನೀಲಿಯವರು. ತಿರುವಿನಲ್ಲಿ ಸುತ್ತು ಹಾಕುವಾಗ ಅವನಿಗೆ ಖುಷಿಯೂ ಆಯಿತು, ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರೂ ಬಂತು.

ಅವನಿಗೆ ತಿಳಿಯದೇ ಇದ್ದದ್ದು ಕರಾವಳಿಯ ಗಾಳಿ. ಬೆಂಗಳೂರಿನ ಬೆವರು ಗಾಳಿಗೆ ಆರುತ್ತದೆ. ಇಲ್ಲಿನ ಬೆವರು ಆರುವುದೇ ಇಲ್ಲ, ಒದ್ದೆ ಕಂಬಳಿ ಹೊದ್ದಂತೆ ಮೈಮೇಲೆ ಕೂರುತ್ತದೆ. ಹದಿನಾರರ ಹೊತ್ತಿಗೆ ಅವನ ತೊಡೆ ಕಲ್ಲಾಯಿತು. ಹದಿನೆಂಟರಲ್ಲಿ ನಲವತ್ತರ ಆಸುಪಾಸಿನ ಒಬ್ಬ ನೀಲಿಯವನು ಪಕ್ಕದಲ್ಲೇ ಬಂದು, ಒಂದು ಕ್ಷಣ ಜೊತೆಗಿದ್ದು, ಆಮೇಲೆ ಸುಮ್ಮನೆ ದಾಟಿಹೋದ. ಕಾಂತರಾಜು ಅವನ ಬೆನ್ನು ನೋಡುತ್ತಾ ಓಡಿದ. ಕೊನೆಯ ಇನ್ನೂರು ಮೀಟರಿನಲ್ಲಿ ಜೋರು ಹಾಕಿದ. ಹಾಸನದಲ್ಲಿ ಬಂದಿದ್ದ ಆ ಬಲ ಎಲ್ಲಿಂದ ಬಂದಿತ್ತೋ, ಇವತ್ತು ಕರೆದರೂ ಬರಲಿಲ್ಲ. ಮೀಸೆ ಬಂದವನು ಮೀಸೆ ಬಾರದವನನ್ನು ದಾಟಿದ ಬಲ ಅದು ಎಂದು ಆಗ ಮೊದಲ ಸಲ ಅವನಿಗೆ ಹೊಳೆಯಿತು.

ಒಂದು ಗಂಟೆ ಇಪ್ಪತ್ತೇಳು ನಿಮಿಷ ಹದಿನೈದು ಸೆಕೆಂಡು. ಅವನ ಜೀವನದ ಎರಡನೇ ಅರ್ಧದಲ್ಲಿ ಅಷ್ಟು ಚೆನ್ನಾಗಿ ಅವನು ಏನನ್ನೂ ಮಾಡಿರಲಿಲ್ಲ. ನಲವತ್ತರ ಗುಂಪಿನಲ್ಲಿ ನಾಲ್ಕನೆಯವನು. ಮೂರನೆಯವನಿಗೂ ಇವನಿಗೂ ಇದ್ದ ಅಂತರ ಮೂವತ್ತೈದು ಸೆಕೆಂಡು.

ಸ್ಪಂದನ ಓಡಿ ಮುಗಿಸಿ ಬಂದು ಫೋನು ನೋಡಿ ಹಣೆ ಚಚ್ಚಿಕೊಂಡಳು. "ಛೇ ಅಂಕಲ್! ಜಸ್ಟ್ ಮಿಸ್ಸು. ನೀವು ಫಿಫ್ಟಿ ಪ್ಲಸ್ ಆಗಿದ್ದಿದ್ರೆ ಫಸ್ಟು, ಗೊತ್ತಾ? ಅಲ್ಲಿ ಗೆದ್ದೋರು ಒನ್ ಥರ್ಟಿ ಒನ್. ಇರ್ಲಿ, ಸೆಪ್ಟೆಂಬರ್‌ಗೆ ಐವತ್ತಾಗುತ್ತಲ್ಲ, ಮುಂದಿನ್ ವರ್ಷ ಗ್ಯಾರಂಟಿ."

"ಆಯ್ತು ಮೇಡಂ," ಎಂದ ಕಾಂತರಾಜು. ಮುಂದಿನ ವರ್ಷ ಮೈಗೆ ಐವತ್ತಮೂರು ಎಂದು ಅವಳಿಗೆ ಹೇಗೆ ಹೇಳುವುದು?

ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಬೆನ್ನಿಗೆ ಬಲವಾಗಿ ಗುದ್ದಿದರು. "ಲೋ, ಕಾಂತ ಅಲ್ವೇನೋ ನೀನು? ದೀಪಾಂಜಲಿ ನಗರದ ಕಾಂತರಾಜು?"

ತೆಳ್ಳಗಿನ, ಕಪ್ಪಗಿನ ಮನುಷ್ಯ. ತಲೆ ನರೆತಿತ್ತು. ಎದೆಯ ಮೇಲೆ ಹಳದಿ ಬಿಬ್, ಕೈಯಲ್ಲಿ ಮೊದಲ ಬಹುಮಾನದ ಕಪ್ಪು.

"ನಾನು ಕಣೋ, ಚಿಕ್ಕಮುನಿಯಪ್ಪ. ಕೆಂಗೇರಿ. ಹಾಸನದಲ್ಲಿ ನಿನ್ ಹಿಂದೆ ಸೆಕೆಂಡ್ ಬಂದೋನು! ಮುಂದುಗಡೆ ಒಬ್ಬ ಹೋಗ್ತಾ ಇದಾನೆ, ಸೊಂಟದ್ ಮೇಲೆ ಅಲ್ಲಾಡಲ್ಲ. ಇವ್ನು ಅವ್ನೇ ಅಂತ ಐದನೇ ಕಿಲೋಮೀಟ್ರಲ್ಲೇ ಗುರ್ತು ಹಿಡಿದೆ. ನೋಡಮ್ಮ," ಎಂದು ಸ್ಪಂದನಳ ಕಡೆ ತಿರುಗಿ, "ನನಗಿಂತ ಚಿಕ್ಕೋನು ಇವ್ನು. ಹದಿನಾಲ್ಕು ವರ್ಷಕ್ಕೇ ನನ್ನ ನೀರು ಕುಡಿಸಿದೋನು," ಎಂದ. ಅವನ ಮುಖದಲ್ಲಿ ಹಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಸ್ಪಂದನ ಇಬ್ಬರ ಫೋಟೋ ತೆಗೆದಳು, ಚಿಕ್ಕಮುನಿಯಪ್ಪನ ಫೋನ್ ನಂಬರನ್ನೂ ತೆಗೆದುಕೊಂಡಳು, ಆಮೇಲೆ ಗೆಳತಿಯರ ಜೊತೆ ನೀರಿಗಿಳಿಯಲು ಹೋದಳು.

ಇಬ್ಬರೂ ಎಲೆತಟ್ಟೆಯಲ್ಲಿ ಬನ್ಸ್ ಹಿಡಿದು ತಡೆಗೋಡೆಯ ಕಪ್ಪು ಬಂಡೆಗಳ ಮೇಲೆ ಕೂತರು. ಚಿಕ್ಕಮುನಿಯಪ್ಪ ತಿನ್ನುತ್ತಾ ತನ್ನ ಕಥೆ ಹೇಳಿದ. ಹಾಸನದಿಂದ ಬಂದವನೇ ಅವನು ಓಟದ ಸ್ಪೈಕ್ಸ್ ಬೂಟನ್ನು ಕೆಂಗೇರಿ ಕೆರೆಗೆ ಎಸೆದನಂತೆ. ಆಮೇಲೆ ಮಾವನ ಹಿಟ್ಟಿನ ಗಿರಣಿ. ಇಪ್ಪತ್ತೊಂಬತ್ತು ವರ್ಷ ಒಂದು ಹೆಜ್ಜೆ ಓಡಲಿಲ್ಲವಂತೆ. ಸಕ್ಕರೆ ಕಾಯಿಲೆ ಬಂದು ಡಾಕ್ಟರು ನಡೆಯಿರಿ ಎಂದ ಮೇಲೆ ನಡೆಯಲು ಹೋಗಿ ಓಡಿದನಂತೆ.

"ನಮ್ಮಪ್ಪ ಇನ್ನೊಂದ್ ವರ್ಷ ಪ್ರಯತ್ನ ಪಡು ಅಂದ್ರು. ನಾನೇ ಬೇಡ ಅಂದೆ. ವಯಸ್ಸಲ್ಲಿ ದೊಡ್ಡೋನು ಸೋಲಿಸಿದ್ರೆ ನಾಳೆ ಗೆಲ್ತೀನಿ ಅನ್ಬೋದು. ನನಗಿಂತ ಚಿಕ್ಕ ಹುಡ್ಗ ಹತ್ತು ಹೆಜ್ಜೆ ಬಿಟ್ಟು ಹೋದ್ನಲ್ಲ ತಮ್ಮಾ, ಅವತ್ತೇ ಗೊತ್ತಾಯ್ತು, ಇದು ದೇವ್ರು ಕೊಟ್ಟೋರಿಗೆ, ನಮಗಲ್ಲ ಅಂತ. ಬೇಜಾರೇನಿಲ್ಲ. ನಿಜವಾಗ್ಲೂ ಗಟ್ಟಿಗನ ಕೈಲಿ ಸೋತೆ ಅಂತ ಸಮಾಧಾನ ಇತ್ತು. ಇವತ್ತು ಮೊದಲ್ನೇ ಸಲ ಕಪ್ ಹಿಡಿದಿದೀನಿ, ನೋಡು. ಐವತ್ತೊಂದ್ನೇ ವರ್ಷಕ್ಕೆ!"

ಕಾಂತರಾಜು ತಟ್ಟೆ ಕೆಳಗಿಟ್ಟ. ಅವನು ಬಾಯಿ ಬಿಡದೆ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಏನೋ ಬಾಯಿ ಬಿಡಿಸಿತು. ಅದು ಪಶ್ಚಾತ್ತಾಪ ಎಂದೇ ಅವನು ಇವತ್ತಿಗೂ ನಂಬಿದ್ದಾನೆ. ಅರ್ಧ ಮಾತ್ರ ಅದು. ಇನ್ನರ್ಧ, ತಾನು ಐವತ್ತೆರಡರಲ್ಲಿ ಓಡಿದ ಓಟವನ್ನು ಲೋಕದಲ್ಲಿ ಒಬ್ಬನಾದರೂ ಐವತ್ತೆರಡರ ಓಟ ಎಂದು ತಿಳಿಯಲಿ ಎಂಬ ಆಸೆ.

"ಮುನಿಯಪ್ಪ, ನಾನು ಚಿಕ್ಕೋನಲ್ಲ. ಎಪ್ಪತ್ತೊಂದರಲ್ಲಿ ಹುಟ್ಟಿದ್ದು. ಮೇಷ್ಟ್ರು ಮೂರು ವರ್ಷ ಕಮ್ಮಿ ಬರೆಸಿದ್ರು. ಹಾಸನದಲ್ಲಿ ನಂಗೆ ಹದಿನೇಳಾಗಿತ್ತು."

ಚಿಕ್ಕಮುನಿಯಪ್ಪ ಅಗಿಯುವುದನ್ನು ನಿಲ್ಲಿಸಿದ. ಕಡಲ ಕಡೆ ನೋಡಿದ, ಕೈಬೆರಳಲ್ಲಿ ಏನನ್ನೋ ಎಣಿಸಿದ. ಆಮೇಲೆ ಅವನು ಕೇಳಿದ್ದು ಹಾಸನದ ಬಗ್ಗೆ ಅಲ್ಲ.

"ಇವತ್ತು ನೀನೆಷ್ಟಕ್ಕೆ ಬಂದೆ?"

"ಒಂದು ಇಪ್ಪತ್ತೇಳು."

"ನಾನು ಒಂದು ಮೂವತ್ತೊಂದು. ಅಂದ್ರೆ ಇವತ್ತೂ ನೀನೇ ಗೆದ್ದೆ ಅಂತ ಹೇಳೋಕ್ ಬಂದ್ಯಾ?"

"ಹಂಗಲ್ಲ ಮುನಿಯಪ್ಪ..."

"ಅವತ್ತು ಕೇಳಿದ್ದೆ ನಾನು. ಬಾಯ್ಬಿಟ್ಟು ಕೇಳಿದ್ದೆ, ನಿಂಗೆಷ್ಟು ವಯಸ್ಸು ಅಂತ. ಅವತ್ತು ಹೇಳಿದ್ರೆ ಸೀಟು ನಂದಾಗ್ತಿತ್ತು. ಇವತ್ತು ಯಾಕ್ ಹೇಳ್ದೆ? ಗಟ್ಟಿಗನ ಕೈಲಿ ಸೋತೆ ಅಂತ ಒಂದು ಸಮಾಧಾನ ಇತ್ತು, ಅದನ್ನೂ ಕಿತ್ಕೊಂಡೆ. ಈ ಕಪ್ಪನ್ನೂ ಕಿತ್ಕೊಂಡೆ." ಅವನ ದನಿ ಏರಲಿಲ್ಲ. ಕಪ್ಪನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬಂಡೆ ಇಳಿದು, ತನ್ನ ಜೊತೆಯವರ ವ್ಯಾನಿನ ಕಡೆ ನಡೆದುಹೋದ. ಕಾಂತರಾಜುವಿಗೆ ಅವನನ್ನು ಕೂಗಬೇಕು ಎನಿಸಿತು. ಅರ್ಧ ಉಳಿದ ಬನ್ಸಿನ ಮೇಲೆ ಇರುವೆ ಹತ್ತುವವರೆಗೂ ಅಲ್ಲೇ ಕೂತಿದ್ದ.

ಸೋಮವಾರ ಬೆಳಗ್ಗೆ ನೀಲಿ ಯೂನಿಫಾರಂ ಇಸ್ತ್ರಿಯಾಗಿ ಮೊಳೆಗೆ ನೇತುಬಿದ್ದಿತ್ತು. ಇಂದ್ರಮ್ಮ ಚಕ್ಕುಲಿ ಡಬ್ಬಿ ತೊಳೆದಿಟ್ಟಳು. ಅವಳು ಒಂದು ಮಾತು ಬೈದಿದ್ದರೂ ಅವನಿಗೆ ಹಗುರವಾಗುತ್ತಿತ್ತು. ಗೇಟಿನಲ್ಲಿ ಮಧುಕುಮಾರ್ ಕಾರು ನಿಲ್ಲಿಸಿ, "ಪರ್ವಾಗಿಲ್ಲ ಕಾಂತರಾಜು, ಫೋರ್ತ್ ಬಂದಿದ್ದು ಕಡಿಮೆ ಏನಲ್ಲ," ಎಂದು ಹೇಳಿ ಗಾಜು ಏರಿಸಿದರು. ಸ್ಪಂದನ ಎರಡು ವಾರ ಅವನ ಕಣ್ಣು ತಪ್ಪಿಸಿದಳು. ಮೂರನೇ ವಾರ ತಾನೇ ಬಂದು, "ಕಮಿಟಿ ಒಬ್ರನ್ನ ಫಿಕ್ಸ್ ಮಾಡಿದೆ ಅಂಕಲ್. ನಿಮ್ಮ ಫ್ರೆಂಡೇ, ಚಿಕ್ಕಮುನಿಯಪ್ಪ ಸಾರ್. ಪೋಡಿಯಂ ಇದೆ, ಕೆಂಗೇರಿಯಿಂದ ಹತ್ರ ಕೂಡ. ಬೇಜಾರಿಲ್ಲ ತಾನೇ? ನಿಮಗೆ ಖುಷಿ ಆಗುತ್ತೆ ಅಂದ್ಕೊಂಡೆ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಕಾಂತರಾಜು, "ಒಳ್ಳೇ ಓಟಗಾರ ಮೇಡಂ ಅವ್ನು," ಎಂದ. ಅದು ಮಾತ್ರ ಸುಳ್ಳಲ್ಲ.

ಭಾನುವಾರ ಬೆಳಗ್ಗೆ ಐದೂವರೆಗೆ ಹಳೇ ಸ್ಕೂಟರೊಂದು ಗೇಟಿನ ಮುಂದೆ ನಿಂತಿತು. ಚಿಕ್ಕಮುನಿಯಪ್ಪ ಹೆಲ್ಮೆಟ್ ತೆಗೆದ. ಹೊರಗಿನಿಂದ ಬಂದವರು ಯಾರೇ ಆಗಲಿ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಕಾಂತರಾಜು ರಿಜಿಸ್ಟರ್ ಮುಂದೆ ಹಿಡಿದ. ಅವನು ಹೆಸರು, ಊರು, ಬಂದ ಸಮಯ ಎಲ್ಲವನ್ನೂ ನಿಧಾನವಾಗಿ ಬರೆದು ಪೆನ್ನು ವಾಪಸು ಕೊಟ್ಟ.

"ಮುನಿಯಪ್ಪ," ಎಂದು ಕಾಂತರಾಜು ಶುರುಮಾಡಿದ. "ಅವತ್ತು ನಾನು..."

ಚಿಕ್ಕಮುನಿಯಪ್ಪ ಅವನ ಮುಖವನ್ನು ಒಂದು ಸಲ ಪೂರ್ತಿ ನೋಡಿದ. ಟೋಪಿ ನೋಡಿದ, ಯೂನಿಫಾರಂ ನೋಡಿದ.

"ಗೇಟ್ ತೆಗೀರಿ ಅಣ್ಣ," ಎಂದ. "ಟೈಮಾಯ್ತು."

ಕಾಂತರಾಜುವಿನ ನಿಜವಾದ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡು ಅವನನ್ನು ಅಣ್ಣ ಎಂದು ಕರೆದವನು ಹಾಸನದಿಂದ ಈಚೆಗಿನ ಮೂವತ್ತೈದು ವರ್ಷದಲ್ಲಿ ಇವನೊಬ್ಬನೇ. ಕಾಂತರಾಜು ಗೇಟು ತೆಗೆದ. ಸ್ಕೂಟರ್ ಒಳಗೆ ಹೋಗುವಾಗ ಏಜೆನ್ಸಿಯ ನಿಯಮದಂತೆ ಸೆಲ್ಯೂಟ್ ಹೊಡೆದ.